ಟ್ರಿಗರ್ ಗಾರ್ಡಿನ ಸ್ಕ್ರೂ ಸಡಿಲವಾದರೆ ದಯವಿಟ್ಟು ನೀವೇ ಕೈ ಹಾಕಬೇಡಿ

ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಹಬ್ಬವಾದ ಕಳೆದ ಕೈಲ್ ಮುಹೂರ್ತದ ದಿನ ನನ್ನ ಕೈಯಲ್ಲಿದ್ದ ಒಂಟಿ ನಳಿಗೆಯ ಕೋವಿಯಿಂದ, ನಾನು ಟ್ರಿಗರ್ ಮುಟ್ಟುವ ಮೊದಲೇ ಗುಂಡು ಹಾರಿತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಮೈದಾನದಲ್ಲಿ ಜನ ಸೇರಿದ್ದರು, ಮಕ್ಕಳೂ ಇದ್ದರು. ತೋಟಾ ತುಂಬಿ ನಳಿಗೆಯನ್ನು ಮುಚ್ಚಿದ ಕ್ಷಣಕ್ಕೆ ನನ್ನ ಪಾದದಿಂದ ಎರಡು ಮೊಳ ದೂರದ ಕೆಸರು ಚಿಮ್ಮಿತು. ಕೋವಿಯ ಬಾಯಿಯನ್ನು ನೆಲದ ಕಡೆಗೇ ಇಟ್ಟಿರಬೇಕೆಂದು ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ ಅಭ್ಯಾಸವೊಂದೇ ಅಂದು ನಮ್ಮನ್ನು ಕಾಪಾಡಿತು.

ತಪ್ಪು ಅದಕ್ಕೆ ಹತ್ತು ದಿನ ಮೊದಲೇ ನಡೆದಿತ್ತು. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲೆಂದು ಕೋವಿಯನ್ನು ಒಲೆಯ ಮಗ್ಗುಲಿನ ಬೆಚ್ಚನೆಯ ಕೋಣೆಯಲ್ಲಿ ಇಟ್ಟಿದ್ದೆ. ಜೂನ್, ಜುಲೈ ತಿಂಗಳ ತೇವಕ್ಕೆ ಉಬ್ಬಿದ ಮರದ ಹಿಡಿ ಆ ಶಾಖಕ್ಕೆ ಕುಗ್ಗಿ, ಸ್ಕ್ರೂಗಳ ಬಿಗಿ ತಪ್ಪಿತ್ತು. ಹಬ್ಬಕ್ಕೆಂದು ಎಣ್ಣೆ ಹಾಕಿ ಒರೆಸುವಾಗ ಟ್ರಿಗರ್ ಗಾರ್ಡ್, ಅಂದರೆ ಟ್ರಿಗರಿನ ಸುತ್ತಲಿನ ಲೋಹದ ಬಳೆ, ಅಲುಗಾಡುತ್ತಿರುವುದು ಕಂಡಿತು. ಮನೆಯಲ್ಲಿದ್ದ ಸಾಮಾನ್ಯ ಸ್ಕ್ರೂಡ್ರೈವರ್ ಹಿಡಿದು ಬಲವಾಗಿ ತಿರುಗಿಸಿದೆ. ಅಂಥ ಸ್ಕ್ರೂಡ್ರೈವರಿನ ತುದಿ ಆಪಿನಂತೆ ಇಳಿಜಾರಾಗಿರುತ್ತದೆ; ಹಳೆಯ ಕೋವಿಯ ಸ್ಕ್ರೂಗಳಲ್ಲಿರುವ ಕಿರಿದಾದ ನೇರ ಗೀರಿನ ತಳಕ್ಕೆ ಅದು ಮುಟ್ಟುವುದೇ ಇಲ್ಲ. ಅದು ಜಾರಿ ಅಂಗೈ ಸೀಳಿತು, ಮರದ ಮೇಲೆ ಉದ್ದನೆಯ ಗೀರು ಬಿತ್ತು, ಸ್ಕ್ರೂವಿನ ತಲೆ ಹರಿದುಹೋಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಾನು ಅದನ್ನು ಹೇಗೋ ಹೊರತೆಗೆದು, ಊರಿನ ಹಾರ್ಡ್‌ವೇರ್ ಅಂಗಡಿಯಿಂದ ಅದೇ ದಪ್ಪದ ಇನ್ನೊಂದನ್ನು ತಂದು, ಸ್ಕ್ರೂವಿನ ಸುರುಳಿ ಎಳೆ ಸರಿಯಾಗಿ ಕೂಡದಿದ್ದರೂ ಬಲವಂತವಾಗಿ ಹೊಗಿಸಿದೆ. ಗಾರ್ಡ್ ಕಲ್ಲಿನಂತೆ ಗಟ್ಟಿಯಾಯಿತು. ಹೊಸ ಸ್ಕ್ರೂ ಹಳೆಯದಕ್ಕಿಂತ ಸುಮಾರು ಎರಡು ಮಿಲಿಮೀಟರ್ ಉದ್ದವಿತ್ತು ಎಂಬುದನ್ನು ಅಳೆದು ನೋಡಬೇಕೆಂದು ಹೊಳೆಯಲೇ ಇಲ್ಲ.

ಘಟನೆಯ ನಂತರ ಮೈಸೂರಿನ ಕೋವಿ ದುರಸ್ತಿಗಾರರೊಬ್ಬರು ಹಿಡಿಯನ್ನು ಬಿಚ್ಚಿ, "ಈ ಸ್ಕ್ರೂ ಹಾಕಿದ್ದು ಯಾರು ಸಾರ್?" ಎಂದು ಕೇಳಿದರು. ನನ್ನ ಕೋವಿಯಲ್ಲಿ ಗಾರ್ಡಿನ ಹಿಂಬದಿಯದು ಮರಕ್ಕೆ ಹೋಗುವ ಸ್ಕ್ರೂ. ಮುಂಬದಿಯದು ಟ್ರಿಗರಿನ ಕೆಳಗಿನ ಲೋಹದ ಪಟ್ಟಿಯೊಳಕ್ಕೆ ಹೋಗುತ್ತದೆ. ನಾನು ಬದಲಿಸಿದ್ದ ಆ ಮುಂಬದಿಯ ಸ್ಕ್ರೂವಿನ ತುದಿ ಪಟ್ಟಿಯನ್ನು ದಾಟಿ ಟ್ರಿಗರನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ ಹಿಡಿದಿತ್ತು. ತೋಟಾ ಸಿಡಿಯುವಂತೆ ಬಡಿಯುವ ಹ್ಯಾಮರನ್ನು ತಡೆದು ನಿಲ್ಲಿಸುವ ಕಚ್ಚು ಪೂರ್ತಿ ಕೂರದೆ ಅಂಚಿನಲ್ಲಿ ನಿಂತಿತ್ತು, ನಳಿಗೆ ಮುಚ್ಚಿದ ಅದುರಿಗೇ ಜಾರಿತು. ಸೇಫ್ಟಿ ಹಾಕಿಯೇ ಇದ್ದೆನಲ್ಲ ಎಂದೆ. ಇಂಥ ಹಲವು ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಒಳಗೆ ಕಚ್ಚು ತಪ್ಪಿದ ಹ್ಯಾಮರನ್ನಲ್ಲ ಎಂದು ಅವರು ತೋರಿಸಿದಾಗ ನನ್ನ ಕೈ ನಡುಗಿತು.

ನಮ್ಮ ಕೊಡಗು ಜಿಲ್ಲೆಯಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಆದರೆ ಆ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳಲು ಮತ್ತು ಒಯ್ಯಲು. ಕೋವಿ ದುರಸ್ತಿಯ ಕೆಲಸಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಕು. ತಲೆಮಾರುಗಳಿಂದ ಒಂದೇ ಮನೆಯಲ್ಲಿ ಉಳಿದ ಕೋವಿಗಳನ್ನು ಬಲ್ಲವರಿಗೆ ತೋರಿಸುವ ರೂಢಿ ನಮ್ಮಲ್ಲಿ ಕಡಿಮೆ. ಹಬ್ಬದಂದು ತೋಕ್ ಪೂ (ಕೋವಿಯ ಹೂ) ಮುಡಿಸಿ ದೀಪದ ಮುಂದಿಟ್ಟು ಪೂಜಿಸುವ ನಾವು ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡುವುದಿಲ್ಲ ಎಂಬ ಕೊರಗು ನನಗೆ ಈಗ ಬಲವಾಗಿದೆ.

ಗಾರ್ಡ್ ಅಲುಗಾಡುತ್ತಿದ್ದರೆ ಮೊದಲು ನಳಿಗೆಯನ್ನು ಬಾಗಿಸಿ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ, ಆಮೇಲೆ ಕೋವಿಯನ್ನು ಹಾಗೆಯೇ ಲೈಸೆನ್ಸ್ ಇರುವ ದುರಸ್ತಿಗಾರರ ಬಳಿ ಒಯ್ಯಿರಿ. ಸ್ಕ್ರೂ ಬಿದ್ದುಹೋಗಿದ್ದರೆ ಹುಡುಕಿ ಜೊತೆಗೇ ಕೊಡಿ. ಹಳೆಯ ಕೋವಿಗಳ ಎಳೆ ಇಂದಿನ ಅಂಗಡಿ ಸ್ಕ್ರೂಗಳಿಗೆ ಹೊಂದುವುದು ಅಪರೂಪ. ಮರದ ತೂತು ಸವೆದಿದ್ದರೆ ಅಂಟು ಸುರಿಯಬೇಡಿ, ಅದನ್ನು ಗಟ್ಟಿಮರದ ಕಡ್ಡಿಯಿಂದ ತುಂಬಿ ಮತ್ತೆ ಕೊರೆಯುವ ಕೆಲಸ ಅವರಿಗೆ ಗೊತ್ತು. ಈ ವರ್ಷದ ಹಬ್ಬದೊಳಗೆ ದುರಸ್ತಿ ಮುಗಿಯದಿದ್ದರೆ ಆ ಕೋವಿಯನ್ನು ಪೂಜೆಗೆ ಮಾತ್ರ ಇಡಿ, ಮೈದಾನಕ್ಕೆ ತರಬೇಡಿ.