ಫುಟ್‌ಬಾಲ್ ಸ್ಟಡ್ಸ್, ಜರ್ಸಿ ಆನ್‌ಲೈನ್‌ನಲ್ಲಿ ಎಲ್ಲಿ ತಗೊಳ್ಳೋದು? ದಾವಣಗೆರೆಯಿಂದ ಒಂದು ಹೋಲಿಕೆ

ದಾವಣಗೆರೆ ಕ್ರಿಕೆಟ್ ಊರು. ವಿನಯ್ ಕುಮಾರ್‌ಗೆ ‘ದಾವಣಗೆರೆ ಎಕ್ಸ್‌ಪ್ರೆಸ್’ ಅಂತ ಹೆಸರು ಬಿದ್ದ ಮೇಲಂತೂ ಕೇಳೋದೇ ಬೇಡ. ಸ್ಪೋರ್ಟ್ಸ್ ಅಂಗಡಿಗೆ ಹೋದರೆ ಗೋಡೆ ತುಂಬ ಬ್ಯಾಟು. ಫುಟ್‌ಬಾಲ್ ಸ್ಟಡ್ಸ್, ಅಂದರೆ ಅಡಿಯಲ್ಲಿ ಗುಬಟುಗಳಿರುವ ಶೂ, ಕೇಳಿದರೆ ಅಟ್ಟದಿಂದ ಮೂರ್ನಾಲ್ಕು ಡಬ್ಬ ಇಳಿಸಿ, ‘ಇದರಲ್ಲೇ ನೋಡಿ ಸಾರ್’ ಅನ್ನುತ್ತಾರೆ. ನಿಮ್ಮ ಸೈಜ್ ಅದರಲ್ಲಿದ್ದರೆ ನಿಮ್ಮ ಪುಣ್ಯ. ಹಾಗಾಗಿ ಇಲ್ಲಿ ಫುಟ್‌ಬಾಲ್ ಆಡುವವರೆಲ್ಲ ಒಂದಲ್ಲ ಒಂದು ದಿನ ಫೋನ್ ಹಿಡಿದು ಕೂರಲೇಬೇಕು.

ನನಗೆ, ನಮ್ಮ ಭಾನುವಾರದ ಗುಂಪಿಗೆ, ಅಕ್ಕನ ಮಗನಿಗೆ ಅಂತ ಬೇರೆ ಬೇರೆ ಕಡೆಯಿಂದ ತರಿಸಿ ಆಡಿ ನೋಡಿದ್ದೇನೆ. ಎಲ್ಲವನ್ನೂ ಮಾರುವ ದೊಡ್ಡ ಸೈಟು, ಬ್ರ್ಯಾಂಡ್‌ನವರದೇ ಸೈಟು, ಆಟದ ಸಾಮಾನು ಮಾತ್ರ ಮಾರುವ ಸೈಟು, ಇನ್‌ಸ್ಟಾಗ್ರಾಂನಲ್ಲಿ ಮಾರುವ ಹುಡುಗರು, ಕೊನೆಗೆ ನಮ್ಮ ಊರಿನದೇ ಅಂಗಡಿ. ಒಬ್ಬರೇ ಎಲ್ಲದರಲ್ಲೂ ಗೆಲ್ಲುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಅಂಗಡಿ ಆರಿಸುವ ಮೊದಲು ಶೂ ಅಡಿ ನೋಡಿ. ಹೆಸರಿನ ಕೊನೆಯಲ್ಲಿ ಎರಡು ಅಕ್ಷರ ಇರುತ್ತವೆ, ನನ್ನ ಲೆಕ್ಕದಲ್ಲಿ ಬ್ರ್ಯಾಂಡ್ ಹೆಸರಿಗಿಂತ ಅವೇ ಮುಖ್ಯ. ಎಫ್‌ಜಿ ಹುಲ್ಲಿನ ಮೈದಾನಕ್ಕೆ. ಎಸ್‌ಜಿ ನೆಂದು ಮೆತ್ತಗಾದ ನೆಲಕ್ಕೆ, ಸಾಮಾನ್ಯವಾಗಿ ಲೋಹದ ಸ್ಟಡ್ ಇರುತ್ತದೆ, ನಮಗೆ ಬೇಡವೇ ಬೇಡ. ಎಜಿ ಉದ್ದ ಎಳೆಯ ಕೃತಕ ಹುಲ್ಲಿಗೆ, ಟಿಎಫ್ ಗಿಡ್ಡ ಎಳೆಯ ಕೃತಕ ಹುಲ್ಲಿನ ಟರ್ಫ್‌ಗೆ, ಐಸಿ ಒಳಾಂಗಣಕ್ಕೆ. ಫೋಟೋದಲ್ಲಿ ಚೆಂದ ಕಾಣೋದು, ಟಿವಿಯಲ್ಲಿ ಆಟಗಾರರು ಹಾಕೋದು ಬಹುಪಾಲು ಎಫ್‌ಜಿ. ಅದರ ಅಡಿಯಲ್ಲಿ ಹತ್ತು ಹನ್ನೆರಡು ಗಟ್ಟಿ ಸ್ಟಡ್ ಇರುತ್ತವೆ, ಅವು ಮಣ್ಣಿಗೆ ಇಳಿದರೆ ಮಾತ್ರ ಹಿಡಿತ. ನಮ್ಮ ಹೈಸ್ಕೂಲ್ ಮೈದಾನದಂಥ ಒಣಗಿದ ನೆಲದಲ್ಲಿ ಎಲ್ಲಿ ಇಳೀಬೇಕು ಅದು? ಇಳಿಯೋದಿಲ್ಲ, ಮೈಭಾರವೆಲ್ಲ ಆ ಹತ್ತು ಹನ್ನೆರಡು ಚುಕ್ಕಿಗಳ ಮೇಲೇ ಬೀಳುತ್ತದೆ, ಅಂಗಾಲು ಹಿಮ್ಮಡಿ ಎರಡೂ ನೋಯುತ್ತವೆ, ಸ್ಟಡ್ ಕೂಡ ಬೇಗ ಸವೆಯುತ್ತದೆ. ಟಿಎಫ್‌ನಲ್ಲಿ ಹತ್ತಾರು ಪುಟ್ಟ ರಬ್ಬರ್ ಗುಬಟು, ಮೇಲೆ ಮೆತ್ತನೆಯ ಪದರ. ಭಾರ ಹಂಚಿಹೋಗುತ್ತದೆ. ವರ್ಷದ ಬಹುಪಾಲು ನಮ್ಮ ನೆಲ ಒಣಗೇ ಇರುತ್ತದೆ, ಊರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ಗಳೂ ಬಂದಿವೆ, ಎರಡಕ್ಕೂ ಟಿಎಫ್ ಆಗುತ್ತದೆ. ಸಾವಿರದೈನೂರರ ಟಿಎಫ್ ಹಾಕಿಕೊಂಡು ಆಡಿದ ದಿನ ನನ್ನ ಕಾಲು ಸುಖವಾಗಿತ್ತು. ಅದರ ನಾಲ್ಕು ಪಟ್ಟು ಬೆಲೆಯ ಎಫ್‌ಜಿ ಹಾಕಿದ ದಿನ ಮನೆಗೆ ಕುಂಟುತ್ತಾ ಬಂದೆ.

ಮಳೆ ಬಿದ್ದರೆ ಕಥೆ ಬೇರೆ. ಎರೆಮಣ್ಣು ಟಿಎಫ್‌ನ ಸಂದುಗಳಿಗೆ ಮೆತ್ತಿಕೊಂಡರೆ ಅಡಿ ನುಣ್ಣಗಾಗಿ ಜಾರುತ್ತದೆ. ಆಗ ಎಫ್‌ಜಿಯೇ ಸರಿ. ಚಿತ್ರದುರ್ಗದ ಕಡೆ ಕೆಂಪು ಮಣ್ಣು, ಸಣ್ಣ ಕಲ್ಲು ಜಾಸ್ತಿ, ಅಲ್ಲಿ ಆಡಲು ಹೋದಾಗ ನಮ್ಮಲ್ಲಿ ಎಫ್‌ಜಿ ಹಾಕಿದವರೆಲ್ಲ ಅರ್ಧ ಆಟದಲ್ಲೇ ಶೂ ಬದಲಿಸಿದರು. ಎಜಿ ನಡುವಿನ ದಾರಿ. ಸ್ಟಡ್ ಗಿಡ್ಡ, ಸಂಖ್ಯೆ ಜಾಸ್ತಿ, ಗಟ್ಟಿ ನೆಲಕ್ಕೂ ಪರವಾಗಿಲ್ಲ. ಆದರೆ ಕಡಿಮೆ ಬೆಲೆಗೆ ಸಿಗೋದು ಅಪರೂಪ. ನೈಕಿ, ಅಡಿಡಾಸ್‌ನ ಅಗ್ಗದ ಮಾದರಿಗಳ ಮೇಲೆ ‘ಎಫ್‌ಜಿ/ಎಂಜಿ’ ಅಂತ ಬರೆದಿರುತ್ತದೆ, ಹಲವು ಬಗೆಯ ನೆಲಕ್ಕೆ ಆಗುತ್ತದೆ ಅಂತ. ಬರೀ ಎಫ್‌ಜಿಗಿಂತ ಅದು ವಾಸಿ.

ಈಗ ಅಂಗಡಿಗಳ ವಿಷಯ.

ದೊಡ್ಡ ಸೈಟುಗಳಲ್ಲಿ ಆಯ್ಕೆಗೆ ಬರವಿಲ್ಲ. ಜಲಂಧರ್‌ನ ನಿವಿಯಾ, ವೆಕ್ಟರ್ ಎಕ್ಸ್‌ನಿಂದ ಹಿಡಿದು ಹೊರದೇಶದ ಬ್ರ್ಯಾಂಡ್‌ವರೆಗೆ ಎಲ್ಲ ಒಂದೇ ಕಡೆ, ಕ್ಯಾಶ್ ಆನ್ ಡೆಲಿವರಿಯೂ ಉಂಟು. ನಿವಿಯಾದ ಟಿಎಫ್ ಶೂ ನಾನು ಹೀಗೇ ತರಿಸಿದ್ದು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತೊಂದರೆ ಏನಂದರೆ, ಸೈಟು ಒಂದೇ, ಮಾರುವವರು ನೂರಾರು ಮಂದಿ. ಒಂದೇ ಶೂಗೆ ಮೂವರು ಮೂರು ಬೆಲೆ ಹಾಕಿರುತ್ತಾರೆ, ಒಬ್ಬ ಟಿಎಫ್ ಅಂತ ಬರೆದು ಫೋಟೋದಲ್ಲಿ ಎಫ್‌ಜಿ ಅಡಿ ತೋರಿಸಿರುತ್ತಾನೆ, ಇನ್ನೊಬ್ಬ ‘ಫುಟ್‌ಬಾಲ್ ಶೂ’ ಅಂತಷ್ಟೇ ಬರೆದು ಸುಮ್ನಾಗಿರುತ್ತಾನೆ. ಅಕ್ಕನ ಮಗನಿಗೆ ಹೀಗೆ ಒಬ್ಬ ಮಾರಾಟಗಾರನಿಂದ ಬಂದ ಜೋಡಿ ಕೆಲವೇ ವಾರಗಳಲ್ಲಿ ಮುಂದೆ ಬಾಯಿ ಬಿಟ್ಟಿತು. ಕೊನೆಗೆ ಚಪ್ಪಲಿ ಹೊಲಿಯುವವರ ಹತ್ತಿರ ಶೂ ಅಡಿಯ ಸುತ್ತ ದಾರದ ಹೊಲಿಗೆ ಹಾಕಿಸಿದೆವು. ಈಗಲೂ ಅದನ್ನೇ ಹಾಕುತ್ತಾನೆ ಅನ್ನಿ. ಅಗ್ಗದ ಸ್ಟಡ್ಸ್ ಕೊಂಡರೆ ಈ ಹೊಲಿಗೆಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ, ಆದರೆ ರಿಟರ್ನ್ ದಿನ ಮುಗಿಯುವ ತನಕ ಸೂಜಿ ಮುಟ್ಟಿಸಬೇಡಿ.

ಬ್ರ್ಯಾಂಡ್‌ನವರ ಸೈಟಿನಲ್ಲಿ ಮಾಲು ಅಸಲಿಯೇ ಅನ್ನುವ ನೆಮ್ಮದಿ ಇದೆ. ಅಡಿ ಯಾವುದು ಅಂತ ಸರಿಯಾಗಿ ಬರೆದಿರುತ್ತಾರೆ, ಸೈಜ್ ಪಟ್ಟಿ ಸೆಂಟಿಮೀಟರ್‌ನಲ್ಲಿ ಇರುತ್ತದೆ. ಬೆಲೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಇಲ್ಲೊಂದು ಗುಟ್ಟು. ಹೊಸ ಬಣ್ಣ ಬಂದ ಕೂಡಲೇ ಹಳೆ ಬಣ್ಣದ್ದು ಸೇಲ್ ಪಟ್ಟಿಗೆ ಬೀಳುತ್ತದೆ, ಶೂ ಅದೇ, ಬಣ್ಣ ಅಷ್ಟೇ ಬೇರೆ. ಇನ್ನೊಂದು, ಒಂದೇ ಹೆಸರಿನ ಶೂಗೆ ಮೆಟ್ಟಿಲುಗಳಿರುತ್ತವೆ. ನೈಕಿಯಲ್ಲಿ ಕ್ಲಬ್, ಅಕಾಡೆಮಿ, ಪ್ರೊ, ಎಲೀಟ್ ಅಂತ ಏರುತ್ತಾ ಹೋಗುತ್ತದೆ. ಟಿವಿಯಲ್ಲಿ ಕಾಣೋದು ಎಲೀಟ್, ನಮ್ಮ ಕೈಗೆ ಎಟಕೋದು ಕ್ಲಬ್ ಅಥವಾ ಅಕಾಡೆಮಿ. ಗರಸು ನೆಲಕ್ಕೆ ಅದೇ ಸಾಕು. ಎಲೀಟ್ ಶೂನ ತೆಳು ಮೇಲ್ಭಾಗ, ಹಗುರ ಅಡಿ ಎಲ್ಲ ಚೆನ್ನಾಗಿ ಕತ್ತರಿಸಿದ ಹುಲ್ಲಿಗೆ ಹೇಳಿ ಮಾಡಿಸಿದ್ದು.

ಆಟದ ಸಾಮಾನು ಮಾತ್ರ ಮಾರುವ ಸೈಟುಗಳನ್ನು ನಾನು ಎರಡರ ನಡುವೆ ಇಡುತ್ತೇನೆ. ಆಯ್ಕೆ ಕಡಿಮೆ, ಆದರೆ ಇರುವುದರ ವಿವರ ಚೆನ್ನಾಗಿರುತ್ತದೆ. ಡೆಕಾಥ್ಲಾನ್‌ನ ಕಿಪ್ಸ್ಟಾ ಬ್ರ್ಯಾಂಡ್‌ನ ಮಕ್ಕಳ ಶೂ ನನಗೆ ಹಿಡಿಸಿತು. ಬೆಳೆಯುವ ಕಾಲಿಗೆ ಎಂಟು ಸಾವಿರ ಸುರಿಯೋದು ಯಾಕೆ ಹೇಳಿ?

ಇನ್ನು ರಿಟರ್ನ್. ಬೆಂಗಳೂರಿನವರಿಗೆ ಇದು ವಿಷಯವೇ ಅಲ್ಲ, ನಮಗೆ ಇದೇ ವಿಷಯ. ಊರೊಳಗಿನ 577002, 577004ರಂಥ ಪಿನ್‌ಕೋಡ್‌ಗೆ ಪಿಕಪ್‌ನವರು ಬರುತ್ತಾರೆ. ಜಗಳೂರು, ಹೊನ್ನಾಳಿ ಕಡೆ ಹಳ್ಳಿಯ ಹುಡುಗರಿಗೆ ಸಾಮಾನು ತಲುಪುತ್ತದೆ, ವಾಪಸ್ ಒಯ್ಯಲು ಮಾತ್ರ ಯಾರೂ ಬರೋದಿಲ್ಲ. ‘ನೀವೇ ಕೊರಿಯರ್ ಮಾಡಿ’ ಅಂತ ಮೆಸೇಜ್ ಬರುತ್ತದೆ. ನಮ್ಮ ಗುಂಪಿನ ಹಳ್ಳಿ ಹುಡುಗರು ಈಗ ನನ್ನ ಮನೆ ವಿಳಾಸಕ್ಕೇ ತರಿಸುತ್ತಾರೆ. ಆರ್ಡರ್ ಒತ್ತುವ ಮೊದಲು ನಿಮ್ಮ ಪಿನ್‌ಕೋಡ್‌ಗೆ ಎಕ್ಸ್‌ಚೇಂಜ್ ಇದೆಯಾ ಅಂತ ನೋಡಿ, ಶೂ ಬಂದ ಮೇಲೆ ಜಮಖಾನದ ಮೇಲೆ ಓಡಾಡಿ, ಮೈದಾನಕ್ಕೆ ಇಳಿಸಿದರೆ ವಾಪಸ್ ತಗೊಳ್ಳೋದಿಲ್ಲ. ಬಂದ ಮಾಲೇ ಕೆಟ್ಟಿದ್ದರೆ ಸುಮ್ನೆ ಬಿಡಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಸೈಟಿನವರು ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿ ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ಅದಕ್ಕೂ ಬಗ್ಗದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ.

ಸೈಜ್ ತಪ್ಪದಿದ್ದರೆ ರಿಟರ್ನ್ ಗೋಳೇ ಅರ್ಧ ಕಡಿಮೆ. ಯುಕೆ 8 ಅಂದ ಮಾತ್ರಕ್ಕೆ ಎಲ್ಲ ಕಡೆ ಒಂದೇ ಅಲ್ಲ. ನೈಕಿಯ ಪಟ್ಟಿಯಲ್ಲಿ ಯುಕೆ 8 ಅಂದರೆ 27 ಸೆಂಟಿಮೀಟರ್, ಅಡಿಡಾಸ್‌ನಲ್ಲಿ 26.5. ಅರ್ಧ ಸೆಂಟಿಮೀಟರ್ ತಾನೇ ಅನ್ನಬೇಡಿ, ಸ್ಟಡ್ಸ್‌ನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗಲು ಅಷ್ಟು ಸಾಕು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಸ್ಟಾಕಿಂಗ್ಸ್ ಹಾಕಿಕೊಂಡು, ಕಾಗದದ ಮೇಲೆ ನಿಂತು ಗೆರೆ ಎಳೆದು ಅಳೆಯಿರಿ. ಎರಡು ಕಾಲನ್ನೂ ಅಳೆದು ದೊಡ್ಡದರ ಅಳತೆ ಹಿಡಿಯಿರಿ. ಬರಿಗಾಲಲ್ಲಿ ಓಡಾಡಿ ಬೆಳೆದ ನಮ್ಮಂಥವರ ಪಾದ ಮುಂದೆ ಅಗಲ. ನೈಕಿಯ ಮರ್ಕ್ಯುರಿಯಲ್ ಥರದ ವೇಗದ ಶೂಗಳು ಕಿರಿದಾಗಿರುತ್ತವೆ, ಅವು ಬಿಗಿಯಾದರೆ ಅವರದೇ ಟಿಯೆಂಪೊ ಥರದ್ದು ನೋಡಿ.

ಬೆಲೆ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ 5 ಪರ್ಸೆಂಟ್. ಅದಕ್ಕೂ ಮೊದಲು ಸಾವಿರ ದಾಟಿದರೆ 18 ಇತ್ತು. ಅಂದರೆ ನಮ್ಮಂಥವರು ಕೊಳ್ಳುವ ಸಾವಿರದಿಂದ ಎರಡೂವರೆ ಸಾವಿರದ ಶೂಗಳಿಗೇ ಹೆಚ್ಚು ಇಳಿಕೆ ಸಿಕ್ಕಿದ್ದು. 2,500ರ ಗೆರೆ ದಾಟಿದರೆ ಈಗಲೂ 18. ಹಾಗಾಗಿ 2,700, 2,800ರ ಶೂ ನನಗೆ ಯಾಕೋ ಲಾಭ ಅನ್ನಿಸೋದಿಲ್ಲ. ಒಂದೋ ಗೆರೆಯ ಕೆಳಗೆ ಕೊಳ್ಳಿ, ಇಲ್ಲ ಇನ್ನೂ ಸ್ವಲ್ಪ ಕೂಡಿಸಿ ಸೇಲ್‌ನಲ್ಲಿ ಬ್ರ್ಯಾಂಡ್‌ನ ಅಕಾಡೆಮಿ ಮಾದರಿಗೆ ಹೋಗಿ.

ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ಮೂಳೆ ಕಾಯುವ ತಟ್ಟೆ), ಸ್ಟಾಕಿಂಗ್ಸ್‌ಗೆ ಆನ್‌ಲೈನ್ ಬೇಡ. ಊರಿನ ಅಂಗಡಿಯೇ ಸಾಕು, ಕಾಲಿಗೆ ಇಟ್ಟು ನೋಡಬಹುದು, ಡೆಲಿವರಿ ಚಾರ್ಜ್ ಉಳಿಯುತ್ತದೆ. ಆಟದ 4ನೇ ನಿಯಮದ ಪ್ರಕಾರ ಶಿನ್ ಗಾರ್ಡ್ ಕಡ್ಡಾಯ, ಅದನ್ನು ಸ್ಟಾಕಿಂಗ್ಸ್ ಮುಚ್ಚಿರಬೇಕು. ಟೂರ್ನಮೆಂಟ್ ದಿನ ಬೆಳಿಗ್ಗೆ ನೆನಪಾಗುವ ಸಾಮಾನು ಅದು, ಹತ್ತಿರದ ಅಂಗಡಿಯೇ ಆಗ ದೇವರು. ಬಾಲ್ ಮಾತ್ರ ಎಲ್ಲಿ ಕೊಂಡರೂ ಒಂದೇ. ಗರಸಿಗೆ ನಿವಿಯಾ ಸ್ಟಾರ್ಮ್‌ನಂಥ ರಬ್ಬರ್ ಮೈಯದು ತಡೆಯುತ್ತದೆ, ನುಣುಪಾದ ದುಬಾರಿ ಬಾಲ್ ತರಚಿ ಹಾಳಾಗುತ್ತದೆ.

ಜರ್ಸಿ ವಿಷಯಕ್ಕೆ ಬಂದರೆ ಇನ್‌ಸ್ಟಾಗ್ರಾಂ ಹುಡುಗರದೇ ರಾಜ್ಯ. ‘ಮಾಸ್ಟರ್ ಕ್ವಾಲಿಟಿ’, ‘ಫಸ್ಟ್ ಕಾಪಿ’, ‘ಥಾಯ್ಲೆಂಡ್ ಮಾಲು’ ಅಂತ ಐನೂರು ಆರುನೂರಕ್ಕೆ ಮಾರುತ್ತಾರೆ. ನಕಲಿ ಅಂತ ಅವರೇ ಹೇಳುತ್ತಾರಲ್ಲ, ಮೋಸ ಅನ್ನೋಕೂ ಆಗೋದಿಲ್ಲ. ಮೊದಲೇ ಪೂರ್ತಿ ದುಡ್ಡು, ವಾಪಸ್ ಮಾತೇ ಇಲ್ಲ. ನನಗೆ ಬಂದ ಒಂದರಲ್ಲಿ ಬಟ್ಟೆ ಚೆನ್ನಾಗೇ ಇತ್ತು, ಒಗೆದ ಮೇಲೆ ನಂಬರ್ ಮಾತ್ರ ಬಿರುಕು ಬಿಟ್ಟಿತು. ಇನ್ನೊಬ್ಬ ನಮ್ಮ ಹುಡುಗನಿಗೆ ‘ಮೆಸ್ಸಿ ಫೈನಲ್‌ನಲ್ಲಿ ಆಡಿದ ಜರ್ಸಿ’ ಅಂತ ಮೂರು ನಕ್ಷತ್ರದ್ದನ್ನು ಕಳಿಸಿದ. 2022ರ ವಿಶ್ವಕಪ್ ಫೈನಲ್ ಆಡುವಾಗ ಅರ್ಜೆಂಟೀನಾದ ಎದೆ ಮೇಲೆ ಇದ್ದದ್ದು ಎರಡೇ ನಕ್ಷತ್ರ, ಮೂರನೆಯದು ಗೆದ್ದ ಮೇಲೆ ಬಂದದ್ದು. ಹುಡುಗ ಅದನ್ನೇ ಖುಷಿಯಿಂದ ಹಾಕಿಕೊಂಡು ಓಡಾಡುತ್ತಿದ್ದಾನೆ, ನಾನೂ ಹೇಳಲು ಹೋಗಿಲ್ಲ.

ಅಸಲಿ ಜರ್ಸಿಯಲ್ಲೂ ಎರಡು ಬಗೆ. ಅಭಿಮಾನಿಗಳಿಗೆ ಮಾಡಿದ್ದು ಸಡಿಲ, ಲಾಂಛನ ಸಾಮಾನ್ಯವಾಗಿ ಕಸೂತಿಯದು. ಆಟಗಾರರದು ಮೈಗೆ ಅಂಟುತ್ತದೆ, ಲಾಂಛನ ಕಾಯಿಸಿ ಅಂಟಿಸಿದ್ದು. ಹೊಟ್ಟೆ ಸ್ವಲ್ಪ ಮುಂದೆ ಬಂದವರು ಆಟಗಾರರದ್ದರ ತಂಟೆಗೆ ಹೋಗಬೇಡಿ, ಬೆಣ್ಣೆದೋಸೆ ಊರಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಅಸಲಿಯೋ ಅಂತ ಅನುಮಾನ ಬಂದರೆ ಒಳಗಿನ ಚೀಟಿಯಲ್ಲಿರುವ ಕೋಡ್ ಹಾಕಿ ಹುಡುಕಿ, ಅದೇ ಜರ್ಸಿಯ ಫೋಟೋ ಬರಬೇಕು. ಬೇರೆ ತಂಡದ್ದು ಬಂದರೆ ಗೊತ್ತಾಯಿತಲ್ಲ.

ತಂಡಕ್ಕೆಲ್ಲ ಒಂದೇ ಥರದ ಜರ್ಸಿ ಬೇಕಾದರೆ ಆನ್‌ಲೈನ್‌ಗಿಂತ ಊರಿನ ಪ್ರಿಂಟಿಂಗ್‌ನವರು ಮೇಲು ಅಂತ ನನ್ನ ಅಭಿಪ್ರಾಯ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿದು, ಈಗ ಪಾಲಿಯೆಸ್ಟರ್ ಬಟ್ಟೆ ಹೊರಗಿಂದ ಬಂದು ಇಲ್ಲಿ ಮುದ್ರಣ ಆಗುತ್ತದೆ, ಇರಲಿ. ಸಬ್ಲಿಮೇಷನ್ ಪ್ರಿಂಟ್ ಕೇಳಿ, ಬಣ್ಣ ನೂಲಿನೊಳಗೇ ಇಳಿಯುವುದರಿಂದ ಸಿಪ್ಪೆ ಏಳುವುದಿಲ್ಲ. ಬೆಲೆ ಆನ್‌ಲೈನ್‌ಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಒಬ್ಬನಿಗೆ ಮೀಡಿಯಂ ಬಿಗಿಯಾದಾಗ ಅದನ್ನೊಂದನ್ನೇ ಮತ್ತೆ ಮಾಡಿಸಲು ಆಯಿತು, ಆನ್‌ಲೈನ್‌ನವರು ಕಮ್ಮಿ ಅಂದರೂ ಹತ್ತು ಆರ್ಡರ್ ಇರಲೇಬೇಕು ಅಂದಿದ್ದರು. ಬೆನ್ನ ಮೇಲೆ ಹೆಸರು ಕನ್ನಡದಲ್ಲಿ ಬೇಕು ಅಂದರೆ ಮಾತೇ ಇಲ್ಲ, ಇಲ್ಲೇ ಮಾಡಿಸಿ. ಆನ್‌ಲೈನ್‌ನಿಂದ ಬಂದ ಸ್ಯಾಂಪಲ್‌ನಲ್ಲಿ ಒತ್ತಕ್ಷರ ಎಲ್ಲ ಪಕ್ಕಕ್ಕೆ ಸರಿದು, ನಮ್ಮ ಗೋಲ್‌ಕೀಪರ್ ಬಸವಣ್ಣನ ಹೆಸರು ‘ಬಸವಣ್‌ಣ’ ಆಗಿ ಬಂದಿತ್ತು. ಊರಿನ ಪ್ರಿಂಟಿಂಗ್‌ನವರು ಮೊದಲು ವಾಟ್ಸ್ಯಾಪ್‌ನಲ್ಲಿ ಎಲ್ಲರ ಹೆಸರು ಕಳಿಸಿ, ‘ಕಾಗುಣಿತ ನೋಡ್ಕೊಳ್ಳಿ ಅಣ್ಣ’ ಅಂದು ಒಪ್ಪಿಗೆ ಪಡೆದೇ ಮಷಿನ್‌ಗೆ ಹಾಕಿದರು.