ಬಸವನಗುಡಿಯ ಭಾಷಣ ಕಲೆ ತರಗತಿಯಲ್ಲಿ ಮೂರು ತಿಂಗಳು

ಕಚೇರಿಯ ಸಭೆಗಳಲ್ಲಿ ಹೇಳಬೇಕೆಂದುಕೊಂಡ ಮಾತು ಗಂಟಲಲ್ಲೇ ಉಳಿದುಬಿಡುತ್ತಿದ್ದುದರಿಂದ, ಬಸವನಗುಡಿಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಭಾಷಣ ಕಲೆಯ ತರಗತಿಗೆ ಸೇರಿದೆ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ, ಭಾಷಣದ ಅಭ್ಯಾಸಕ್ಕೆಂದೇ ಇರುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಪದ್ಧತಿಯನ್ನು ಇಲ್ಲಿ ಕನ್ನಡಕ್ಕೆ ಒಗ್ಗಿಸಿಕೊಂಡಿದ್ದಾರೆ: ಸಿದ್ಧಪಡಿಸಿದ ಭಾಷಣಕ್ಕೆ 5ರಿಂದ 7 ನಿಮಿಷ, ಆಶುಭಾಷಣಕ್ಕೆ 1ರಿಂದ 2 ನಿಮಿಷ, ಸಮಯ ಮುಗಿಯುತ್ತ ಬಂದಂತೆ ಹಸಿರು, ಹಳದಿ, ಕೆಂಪು ಬಣ್ಣದ ಸೂಚನೆ.

ನನ್ನನ್ನು ನಿಜವಾಗಿ ತಿದ್ದಿದ್ದು ಅನಗತ್ಯ ಪದಗಳನ್ನು ಎಣಿಸುವ ಕ್ರಮ. ಮೊದಲ ಭಾಷಣದಲ್ಲಿ ನಾನು ‘ಅಂದರೆ’, ‘ಆಮೇಲೆ’ ಎಂಬ ಪದಗಳನ್ನು 31 ಬಾರಿ ಬಳಸಿದ್ದೆನೆಂದು ಸಹಪಾಠಿಯೊಬ್ಬರು ಲೆಕ್ಕ ಹಿಡಿದು ತಿಳಿಸಿದರು. ಪದ ತೋಚದಾಗ ಉಸಿರೆಳೆದುಕೊಂಡು ಸುಮ್ಮನೆ ನಿಲ್ಲಬೇಕೆಂದೂ, ನಮಗೆ ದೀರ್ಘವೆನಿಸುವ ಆ ಮೌನ ಕೇಳುಗರಿಗೆ ಕ್ಷಣಮಾತ್ರವೆಂದೂ ಶಿಕ್ಷಕಿ ತಾಳ್ಮೆಯಿಂದ ವಿವರಿಸಿದರು. ಅದನ್ನು ರೂಢಿಸಿಕೊಂಡ ಮೇಲೆ, ಕೊನೆಯ ಭಾಷಣದ ಹೊತ್ತಿಗೆ ಆ ಸಂಖ್ಯೆ 6ಕ್ಕೆ ಇಳಿದಿತ್ತು. ಎದೆಬಡಿತ ಇಂದಿಗೂ ಇದೆ, ಆದರೆ ಈಗ ಅದು ಮಾತನ್ನು ತಡೆಯುವುದಿಲ್ಲ.

ಕೊರತೆಯೆಂದರೆ, 25 ಮಂದಿಗೆ ಒಬ್ಬರೇ ಶಿಕ್ಷಕಿಯಾದ್ದರಿಂದ ಎಲ್ಲರಿಗೂ ಪ್ರತಿ ವಾರ ಅವಕಾಶ ಸಿಗುವುದಿಲ್ಲ. ತಂಡವನ್ನು ಎರಡಾಗಿಸಿದರೆ ಬಹಳ ಉಪಕಾರವಾದೀತು. ಆದರೂ ಅಳುಕಿನಿಂದ ಹಿಂದೆ ಸರಿಯುವವರಿಗೆ ಈ ತರಗತಿಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಕಳೆದ ತಿಂಗಳು ಅಪ್ಪನ ಷಷ್ಟಿಪೂರ್ತಿಯಲ್ಲಿ, ಬಂಧುಗಳೆಲ್ಲರ ಎದುರು, ಚೀಟಿ ನೋಡದೆ ನಾಲ್ಕು ನಿಮಿಷ ಮಾತನಾಡಿದೆ.