ಬೇಸಿಗೆ ಶಿಬಿರ, ಎನ್‌ಸಿಸಿ, ಗೈಡ್ಸ್, ಮಕ್ಕಳ ಗ್ರಾಮಸಭೆ: ನಮ್ಮ ಮನೆಯ ಇಬ್ಬರು ಮಕ್ಕಳಿಗೆ ಯಾವುದು ಏನು ಕೊಟ್ಟಿತು?

ಮಗಳು ಎಂಟನೇ ಕ್ಲಾಸಿಗೆ ಬಂದಾಗ ಮನೆಗೆ ನೆಂಟರು ಬಂದರೆ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅಂಗಡಿಯವರು ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ವಾಪಸ್ ಬರುತ್ತಿದ್ದಳು. ಅವಳಣ್ಣನಿಗೆ ಅಷ್ಟು ಸಂಕೋಚ ಇಲ್ಲ. ಆದರೆ ಯಾವ ಕೆಲಸಕ್ಕೂ ತಾನಾಗಿ ಮುಂದೆ ಬರುತ್ತಿರಲಿಲ್ಲ, ಯಾರಾದರೂ ಹೇಳಬೇಕಿತ್ತು. ನಾವಿರುವುದು ದಾವಣಗೆರೆ ಹತ್ತಿರದ ಹಳ್ಳಿ. ಮಗಳು ಊರಿನ ಸರ್ಕಾರಿ ಪ್ರೌಢಶಾಲೆ, ಮಗ ಪೇಟೆಯ ಶಾಲೆ. ಮೂರ್ನಾಲ್ಕು ವರ್ಷದಲ್ಲಿ ಇಬ್ಬರಿಗೂ ಬೇರೆಬೇರೆ ದಾರಿ ತೋರಿಸಿ ನೋಡಿದೆವು.

ಮೊದಲು ದುಡ್ಡು ಕೊಟ್ಟ ಶಿಬಿರದ ಮಾತು. ಒಂದು ಬೇಸಿಗೆಯಲ್ಲಿ ಇಬ್ಬರನ್ನೂ 5 ದಿನದ ಸಾಹಸ ಶಿಬಿರಕ್ಕೆ ಬಾದಾಮಿಗೆ ಕಳಿಸಿದೆವು. ಖರ್ಚು ಇಬ್ಬರಿಗೂ ಸೇರಿ 15,000 ರೂಪಾಯಿ ದಾಟಿತು. ಬಾದಾಮಿಯ ಮರಳುಗಲ್ಲು ಹತ್ತಲು ಹೇಳಿಮಾಡಿಸಿದ ಹಾಗಿದೆ, ದೂರದೂರದಿಂದ ಅದಕ್ಕೆಂದೇ ಜನ ಬರುತ್ತಾರೆ. ಹಗ್ಗ, ಹೆಲ್ಮೆಟ್, ಕೆಳಗೆ ಹಗ್ಗ ಹಿಡಿದು ನಿಲ್ಲುವ ತರಬೇತುದಾರರು, ಸುರಕ್ಷತೆಯಲ್ಲಿ ಕೊರತೆ ಇರಲಿಲ್ಲ. ಮಗಳು ಮೊದಲ ದಿನ ಅರ್ಧದಲ್ಲೇ ನಿಂತು ಅತ್ತಳಂತೆ. ಮೂರನೇ ದಿನ ಮೇಲೆ ಮುಟ್ಟಿದಳು. ಮನೆಗೆ ಬಂದವಳ ಮುಖ ನೋಡಿ ನನಗೆ ಕಣ್ಣು ತುಂಬಿತು, ನಿಜ.

ಆದರೆ ಎರಡು ವಿಷಯ ಸರಿ ಬರಲಿಲ್ಲ. ಮೇಲೆ ಮುಟ್ಟಿದವರ ಹೆಸರನ್ನು ಮಾತ್ರ ರಾತ್ರಿ ಕೂಗಿ ಚಪ್ಪಾಳೆ ಹೊಡೆಸುತ್ತಿದ್ದರು. ಮೊದಲೆರಡು ರಾತ್ರಿ ಮಗಳು ಊಟ ಸರಿಯಾಗಿ ಮಾಡಿರಲಿಲ್ಲ. ಹೆದರಿದ ಮಗುವಿಗೆ ಇದು ಇನ್ನೊಂದು ಹೆದರಿಕೆ ಅಲ್ವಾ? ಎರಡನೆಯದು, ಆ ಧೈರ್ಯ ಬಂಡೆಗೇ ಸೀಮಿತವಾಯಿತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಕ್ಲಾಸಲ್ಲಿ ಕೈ ಎತ್ತಲು ಮತ್ತೆ ಅದೇ ಅಂಜಿಕೆ. ಶಿಬಿರದಲ್ಲಿ ಏನೇ ಬೇಕಿದ್ದರೂ ದೊಡ್ಡವರೇ ತೀರ್ಮಾನ ಮಾಡುತ್ತಿದ್ದರು. ಎಷ್ಟು ಗಂಟೆಗೆ ಏಳಬೇಕು, ಯಾರು ಮೊದಲು ಹತ್ತಬೇಕು, ಎಲ್ಲವೂ. ಮಕ್ಕಳು ಸಾಲಲ್ಲಿ ನಿಂತರೆ ಸಾಕಿತ್ತು.

ಮಗನ ಎನ್‌ಸಿಸಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಏನು ಕೊಡುತ್ತದೆ ಅಂತ ಎಲ್ಲರಿಗೂ ಗೊತ್ತು. ಎಂಟು, ಒಂಬತ್ತನೇ ಕ್ಲಾಸು ಎರಡು ವರ್ಷ ಮಾಡಿ ‘ಎ’ ಸರ್ಟಿಫಿಕೇಟ್ ತೆಗೆದುಕೊಂಡ. ಹತ್ತು ದಿನದ ಕ್ಯಾಂಪ್‌ನಲ್ಲಿ ಪಾಯಿಂಟ್ 22 ರೈಫಲ್ ಹಿಡಿದಿದ್ದನ್ನು ಇವತ್ತಿಗೂ ಹೇಳುತ್ತಾನೆ. ಬೆಳಿಗ್ಗೆ ಏಳುವುದು, ಬಟ್ಟೆ ತಾನೇ ಇಸ್ತ್ರಿ ಮಾಡುವುದು, ಬೆನ್ನು ನೆಟ್ಟಗೆ ನಿಲ್ಲುವುದು, ಇವೆಲ್ಲ ಅಲ್ಲಿಂದಲೇ ಬಂದವು. ಹಿಂದಿಯಲ್ಲಿ ‘ಸಾವಧಾನ್’, ‘ವಿಶ್ರಾಮ್’ ಅಂತ ಕೂಗಿ ಕೂಗಿ ಗಂಟಲೂ ಬಿಟ್ಟುಕೊಂಡಿತು. ಆದರೆ ಹೇಳಿದ್ದನ್ನು ಚೆನ್ನಾಗಿ ಮಾಡುವ ಹುಡುಗ ಇನ್ನೂ ಚೆನ್ನಾಗಿ ಮಾಡುವವನಾದ, ಅಷ್ಟೇ. ಗುಂಪನ್ನು ನಡೆಸುವ ಅವಕಾಶ ಸಾರ್ಜೆಂಟ್‌ನಂಥ ರ‍್ಯಾಂಕ್ ಸಿಕ್ಕ ಕೆಲವರಿಗೆ ಮಾತ್ರ. ಅವನಿಗೆ ಸಿಗಲಿಲ್ಲ.

ಮಗಳು ಸೇರಿದ ಗೈಡ್ಸ್‌ನಲ್ಲಿ (ಸ್ಕೌಟ್ಸ್‌ನ ಹುಡುಗಿಯರ ವಿಭಾಗ) ಲೆಕ್ಕವೇ ಬೇರೆ. ಸ್ಕೌಟ್ಸ್ ಶುರುಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗಲೇ ಹುಡುಗರನ್ನು ಸಣ್ಣ ಗುಂಪು ಮಾಡಿ, ಅವರಲ್ಲೇ ಒಬ್ಬನನ್ನು ನಾಯಕ ಮಾಡಿದ್ದರು. ಇವತ್ತಿಗೂ ಆರೆಂಟು ಮಕ್ಕಳ ಆ ಗುಂಪಿಗೆ ಪಟ್ರೋಲ್ (patrol) ಅಂತಲೇ ಹೆಸರು, ನಾಯಕಿ ಅವರ ವಯಸ್ಸಿನವಳೇ. ಮಗಳ ಗುಂಪಿನ ಹೆಸರು ಮಲ್ಲಿಗೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಒಂದು ಪರೀಕ್ಷೆಯಲ್ಲಿ ಎರಡೇ ಬೆಂಕಿಕಡ್ಡಿಯಲ್ಲಿ ಸೌದೆ ಒಲೆ ಹೊತ್ತಿಸಬೇಕು. ಮನೆ ಹಿತ್ತಲಲ್ಲಿ ವಾರಗಟ್ಟಲೆ ಅಭ್ಯಾಸ ಮಾಡಿದಳು. ಪುಳ್ಳೆ ಯಾವುದು ಒಣಗಿದೆ ಅಂತ ಮುರಿದು ಸದ್ದು ಕೇಳಿ ಹೇಳುವಷ್ಟು ಕಲಿತಳು.

ಅವರ ಕ್ಯಾಂಪ್ ನಡೆದದ್ದು ಕೊಂಡಜ್ಜಿಯಲ್ಲಿ, ಕೆರೆ ಪಕ್ಕ. ರಾಜ್ಯದ ಸ್ಕೌಟ್ಸ್‌ಗೆ ದುಡಿದ ಕೊಂಡಜ್ಜಿ ಬಸಪ್ಪನವರ ಊರು ಅದು. ಅಲ್ಲಿ ಒಂದು ಮಧ್ಯಾಹ್ನ ಮಲ್ಲಿಗೆ ಗುಂಪಿನ ಅನ್ನ ತಳ ಹಿಡಿಯಿತು. ನೀರು ತರಬೇಕಾದವಳು ಮುನಿಸಿಕೊಂಡು ಕೂತಿದ್ದಳು. ಇನ್ನೊಬ್ಬಳಿಗೆ ಮುಟ್ಟಿನ ಹೊಟ್ಟೆನೋವು. ಟೀಚರ್ ದೂರದಲ್ಲಿ ಕೂತು ನೋಡುತ್ತಿದ್ದರಂತೆ, ಎದ್ದು ಬರಲಿಲ್ಲ. ನನ್ನ ಮಗಳು ಹೊಟ್ಟೆನೋವಿನವಳನ್ನು ಟೆಂಟಿನಲ್ಲಿ ಮಲಗಿಸಿ, ಮುನಿಸಿಕೊಂಡವಳ ಪಕ್ಕ ಹೋಗಿ ಕೂತು, ‘ನೀರು ನಾನು ತರ್ತೀನಿ, ನೀನು ಈರುಳ್ಳಿ ಹೆಚ್ಚು’ ಅಂದಳಂತೆ. ಮೇಲುಮೇಲಿನ ಅನ್ನ ಬಿಡಿಸಿ, ಚಿತ್ರಾನ್ನ ಮಾಡಿ ಎಲ್ಲರೂ ಉಂಡರು. ಈ ಕಥೆಯನ್ನು ಅವಳು ನನಗೆ ಹೇಳಿದ್ದು ಒಂದು ತಿಂಗಳಾದ ಮೇಲೆ, ಚಿತ್ರಾನ್ನ ಮಾಡುವಾಗ. ಆಗ ಅವಳು ನಾಯಕಿಯೂ ಆಗಿರಲಿಲ್ಲ.

ಎಲ್ಲ ಶಾಲೆಯಲ್ಲೂ ಹೀಗೇ ಇರುತ್ತದೆ ಅನ್ನಲಾರೆ. ಆಗಸ್ಟ್ 15ಕ್ಕೆ ಸ್ಕಾರ್ಫ್ ಕಟ್ಟಿಸಿ ಸಾಲಲ್ಲಿ ನಿಲ್ಲಿಸಿ ಮುಗಿಸುವ ಕಡೆಗಳೂ ಇವೆ. ಸುಮ್ನೆ ಕೂತು ನೋಡುವಷ್ಟು ತಾಳ್ಮೆ ಇರುವ ಟೀಚರ್ ಸಿಕ್ಕಿದ್ದು ನಮ್ಮ ಪುಣ್ಯ.

ಮಕ್ಕಳ ಗ್ರಾಮಸಭೆಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳನ್ನು ಸೇರಿಸಿ ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ ಅಂದುಕೊಂಡಿದ್ದೆ. ಕುಂದಾಪುರ ಕಡೆಯ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳು ತಮ್ಮದೇ ಪಂಚಾಯಿತಿ ನಡೆಸಿದ್ದರು ಅಂತ ಆಮೇಲೆ ತಿಳಿಯಿತು.

ಮಗಳು ಎಂಟನೇ ಕ್ಲಾಸಲ್ಲಿದ್ದಾಗ ಸಭೆಗೆ ಮುಂಚೆ ನಾಲ್ಕು ಗೆಳತಿಯರ ಜೊತೆ ಶಾಲೆಯಿಂದ ಬಸ್‌ಸ್ಟಾಪಿನವರೆಗೆ ಬೀದಿದೀಪದ ಕಂಬ ಎಣಿಸಿದಳು. 11 ಕಂಬ, 4 ಮಾತ್ರ ಉರಿಯುತ್ತಿದ್ದವು. ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಬರುವ ಹುಡುಗಿಯರಿಗೆ ಆ ಕತ್ತಲು ದೊಡ್ಡ ತೊಂದರೆ. ಚೀಟಿ ಓದುವಾಗ ಅವಳ ಧ್ವನಿ ನಡುಗಿತು, ನಾನು ಹಿಂದೆ ಕೂತಿದ್ದೆ. ‘ಆಯ್ತವ್ವಾ, ಮಾಡಿಸೋಣ’ ಅಂದರು ಪಂಚಾಯಿತಿಯವರು. ಒಂದು ವರ್ಷ ಏನೂ ಆಗಲಿಲ್ಲ. ಮಗಳಿಗಿಂತ ನನಗೇ ಜಾಸ್ತಿ ಸಿಟ್ಟು ಬಂತು. ಮಕ್ಕಳಿಗೆ ಮಾತು ಕೊಟ್ಟು ಮರೆಯುವುದು ಸಣ್ಣ ತಪ್ಪಲ್ಲ.

ಒಂಬತ್ತನೇ ಕ್ಲಾಸಲ್ಲಿ ಮತ್ತೆ ಹೋದರು. ಈ ಸಲ ಮೇಷ್ಟ್ರ ಸಲಹೆಯಂತೆ ಹಿಂದಿನ ಸಭೆಯ ನಡಾವಳಿಯ ನಕಲು ಕೇಳಿ ಪಡೆದು, ಅದನ್ನೇ ಕೈಯಲ್ಲಿ ಹಿಡಿದಿದ್ದರು. ‘ಸರ್, ಇಲ್ಲಿ ಮಾಡಿಸುತ್ತೇವೆ ಅಂತ ಬರೆದಿದೆ. ಯಾವಾಗ?’ ಅಂತ ನನ್ನ ಮಗಳೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದಳು. ಧ್ವನಿ ಈ ಸಲವೂ ಸ್ವಲ್ಪ ನಡುಗಿತು, ಆದರೆ ಉತ್ತರ ಬರುವವರೆಗೂ ಕೂರಲಿಲ್ಲ. ತಿಂಗಳೊಳಗೆ ಐದು ಕಂಬಕ್ಕೆ ಬಲ್ಬ್ ಬಂತು. ಇನ್ನೂ ಎರಡು ಬಾಕಿ ಇವೆ. ಈಗ ಅಂಗಡಿಯಲ್ಲಿ ಚಿಲ್ಲರೆ ಎಣಿಸಿಯೇ ಬರುತ್ತಾಳೆ.

ಇದರ ಕೊರತೆಯೂ ಹೇಳಬೇಕು. ವರ್ಷಕ್ಕೆ ಒಂದೇ ದಿನ. ಜೊತೆಗೆ ನಿಲ್ಲುವ ಮೇಷ್ಟ್ರು ಇಲ್ಲದಿದ್ದರೆ ಮೊದಲ ವರ್ಷವೇ ಮಕ್ಕಳ ಮನಸ್ಸು ಮುರಿಯುತ್ತದೆ. ಗೈಡ್ಸ್‌ನಲ್ಲಿ ಪ್ರತಿ ವಾರ ಗೆಳತಿಯರ ಜೊತೆ ಹೊಂದಿಕೊಂಡು ಕೆಲಸ ಮಾಡಿದ್ದರಿಂದಲೇ ಆ ಐದು ಜನ ಎರಡನೇ ವರ್ಷವೂ ಒಟ್ಟಿಗೆ ಇದ್ದರು ಅಂತ ನನ್ನ ಅನಿಸಿಕೆ. ಐವರಲ್ಲಿ ಮೂವರು ಮಲ್ಲಿಗೆ ಗುಂಪಿನವರೇ.

ನನ್ನ ತಮ್ಮನ ಮಗನಿಗೆ ಈಗ 12 ವರ್ಷ, ತುಂಬಾ ಮೆತ್ತಗಿನ ಹುಡುಗ. ಬೇಸಿಗೆ ಶಿಬಿರಕ್ಕೆ ಕಳಿಸಲಾ ಅಂತ ತಮ್ಮ ಕೇಳಿದ. ಈ ಜೂನ್‌ನಲ್ಲಿ ಸ್ಕೌಟ್ಸ್‌ಗೆ ಸೇರಿಸು, ಗುಂಪಿನ ಹುಡುಗರು ತಮ್ಮ ಅಡುಗೆ ತಾವೇ ಮಾಡುತ್ತಾರಾ ಅಂತ ಮೊದಲು ಮೇಷ್ಟ್ರನ್ನು ಕೇಳು ಅಂದೆ. ಬಂಡೆ ಹತ್ತುವ ಶಿಬಿರ ಎರಡು ವರ್ಷ ಬಿಟ್ಟು ಆಗಲಿ, ಅದೂ ಅವನಿಗೇ ಆಸೆ ಬಂದರೆ. ದುಡ್ಡು ಕಟ್ಟುವ ಮುಂಚೆ, ಮೇಲೆ ಮುಟ್ಟದ ಮಕ್ಕಳ ಜೊತೆ ರಾತ್ರಿ ಯಾರು ಕೂತು ಮಾತಾಡುತ್ತಾರೆ ಅಂತ ವಿಚಾರಿಸು ಅಂತಲೂ ಹೇಳಿದ್ದೇನೆ.